ಜಗಳ ಎಲ್ಲಿ ಶುರುವಾಗುತ್ತದೆ, ಮೊದಲು ಅದನ್ನು ನೋಡಿ

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿ ಎಲ್ಲ ಒಂದೇ ಕೋಣೆ, 27 ಮಕ್ಕಳು. ಒಂದು ಗುಂಪಿಗೆ ಹೇಳಿಕೊಡುವಾಗ ಉಳಿದವರು ಎದ್ದು ಓಡಾಡುತ್ತಾರೆ, ತಳ್ಳಾಡುತ್ತಾರೆ, ದೂರು ತರುತ್ತಾರೆ. ಬೈದರೆ ಐದು ನಿಮಿಷ ಸುಮ್ಮನಿರುತ್ತಾರೆ, ಅಷ್ಟೇ. ಎಲ್ಲರನ್ನೂ ಸಾಲಾಗಿ ಕೂರಿಸಿಬಿಡಲಾ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಬೇಡ ಮೇಡಂ. ಸಾಲಾಗಿ ಕೂರಿಸಿದರೆ ನೀವು ಒಂದು ತರಗತಿಗೆ ಪಾಠ ಮಾಡುವಷ್ಟು ಹೊತ್ತೂ ಉಳಿದೆರಡಕ್ಕೆ ಕೆಲಸವೇ ಇರುವುದಿಲ್ಲ, ಗಲಾಟೆ ಇನ್ನೂ ಜಾಸ್ತಿಯಾಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಿನಿಂದ ನಲಿಕಲಿಯ ಲೆಕ್ಕವೇ ಬೇರೆ. ಮಗು ಏಣಿ (ಕಲಿಕೆಯ ಹಂತಗಳನ್ನು ಮೆಟ್ಟಿಲಿನಂತೆ ತೋರಿಸುವ ಚಾರ್ಟ್) ನೋಡಿ, ತನ್ನ ಮೆಟ್ಟಿಲಿನ ಚಟುವಟಿಕೆಯ ಕಾರ್ಡ್ ತಾನೇ ತಂದು, ತನ್ನ ತಟ್ಟೆಗೆ (ತನ್ನ ಗುಂಪು ಕೂರುವ ಜಾಗಕ್ಕೆ) ಹೋಗಿ ಕೂರಬೇಕು. ಓಡಾಟ ಇದ್ದೇ ಇರುತ್ತದೆ. ಓಡಾಡಲು ದಾರಿ ಇದೆಯಾ ಅನ್ನುವುದೇ ಪ್ರಶ್ನೆ.

ಒಂದೆರಡು ದಿನ ಯಾರನ್ನೂ ಬೈಯದೆ, ಜಗಳ ಎಲ್ಲೆಲ್ಲಿ ಆಗುತ್ತದೆ ಅಂತ ಸುಮ್ನೆ ಗುರುತು ಹಾಕಿಕೊಳ್ಳಿ. ಹೆಚ್ಚಿನವು ಕಾರ್ಡ್ ಇಟ್ಟ ರ‍್ಯಾಕ್ ಹತ್ತಿರವೇ ಇರುತ್ತವೆ. ಒಬ್ಬ ಬಗ್ಗಿ ಹುಡುಕುತ್ತಾನೆ, ಹಿಂದೆ ನಾಲ್ವರು ನಿಂತಿರುತ್ತಾರೆ, ಯಾರದೋ ಮೊಣಕೈ ತಾಗುತ್ತದೆ, 'ಮಿಸ್, ಇವ್ನು ಹೊಡೆದ!' ಹೊಡೆದವರು ಯಾರೂ ಇಲ್ಲ, ಜಾಗ ಇಲ್ಲ ಅಷ್ಟೇ. ಒಂದನೇ ತರಗತಿಯ ಕಾರ್ಡುಗಳನ್ನು ಒಂದು ಗೋಡೆಗೆ, ಉಳಿದವನ್ನು ಎದುರು ಗೋಡೆಗೆ ಇಡಿ. ಏಣಿಯ ಚಾರ್ಟ್ ಮಕ್ಕಳ ಕಣ್ಣಿನ ಎತ್ತರಕ್ಕಿರಲಿ (ಬಹಳ ಕಡೆ ಅದು ಅಧಿಕಾರಿಗಳ ಎತ್ತರಕ್ಕಿರುತ್ತದೆ!).

ಬ್ಯಾಗು, ನೀರಿನ ಬಾಟಲಿ ತಟ್ಟೆಯ ಸುತ್ತ ಬೇಡ, ಗೋಡೆಗುಂಟ ಇರಲಿ. ಪ್ರತಿ ತಟ್ಟೆಗೆ ಒಂದು ಮೆಂಡರ್, ಸಿಪ್ಪೆ ಹಾಕಲು ಒಂದು ಡಬ್ಬಿ ಕೊಡಿ. ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ಕೋಣೆಯನ್ನೇ ಒಂದು ಸುತ್ತು ಹಾಕಿ ಬರುವವರು ಎಷ್ಟು ಜನ ಅಲ್ವಾ?

ಶಿಕ್ಷಕರ ಸಹಾಯ ಬೇಕಾದ ಗುಂಪಿನ ಜೊತೆ ಕೂರುವಾಗ ಗೋಡೆಗೆ ಬೆನ್ನು ಮಾಡಿ ಕೂತುಕೊಳ್ಳಿ, ಇಡೀ ಕೋಣೆ ಕಾಣಬೇಕು. ಸ್ವ-ಕಲಿಕೆಯ ತಟ್ಟೆ ಬಾಗಿಲಿನಿಂದ ದೂರವಿರಲಿ. ತುಂಟರನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸುವ ಚಾಳಿಯಂತೂ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದರ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದಕ್ಕಿಂತ ಕಾರ್ಡುಗಳನ್ನು ಜೋಡಿಸಿಡುವ ಕೆಲಸ ಅವರಿಗೇ ಕೊಟ್ಟು ನೋಡಿ.

ಕೋಣೆ ಬದಲಾಯಿಸಿದ ದಿನ ಹೊಸ ಪಾಠ ಇಟ್ಟುಕೊಳ್ಳಬೇಡಿ. ಕಾರ್ಡ್ ತರುವುದು, ಇದ್ದಲ್ಲೇ ವಾಪಸ್ ಇಡುವುದು, ಇಷ್ಟನ್ನೇ ಅಭ್ಯಾಸ ಮಾಡಿಸಿ. ಒಂದನೇ ತರಗತಿಯವರಿಗೆ ಮೂರನೇ ತರಗತಿಯವರೇ ತೋರಿಸಿಕೊಡಲಿ.