ಇಲಿ ಬೇಡ, ಫೆರೆಟ್ ಬೇಕು

ಪ್ರಶ್ನೆ: ಮಗಳು ಇಲ್ಲೇ ಬೆಂಗಳೂರಿನಲ್ಲಿ ಬಯೋಟೆಕ್ ಓದುತ್ತಿದ್ದಾಳೆ. ಫ್ಲೂ ಹೇಗೆ ಹರಡುತ್ತದೆ ಅಂತ ನೋಡಲು ಇಲಿ ಸಾಲದು, ಫೆರೆಟ್ ಅನ್ನೋ ಪ್ರಾಣಿ ಬೇಕು ಅನ್ನುತ್ತಾಳೆ. ಲ್ಯಾಬ್ ಅಂದರೆ ಇಲಿಯೇ ಅಲ್ವಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಮಗಳು ಹೇಳಿದ್ದು ಸರಿ ಸರ್. ಇಲಿ ಅಗ್ಗ, ಸಾಕುವುದು ಸುಲಭ, ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡುವುದಕ್ಕೆ ಚೆನ್ನಾಗಿಯೇ ಒದಗುತ್ತದೆ. ಆದರೆ ಮನುಷ್ಯರ ಫ್ಲೂ ವೈರಸ್ ಅದಕ್ಕೆ ಸುಲಭಕ್ಕೆ ಹಿಡಿಯುವುದಿಲ್ಲ, ಎಷ್ಟೋ ಸಲ ಮೊದಲು ಇಲಿಯಿಂದ ಇಲಿಗೆ ದಾಟಿಸಿ ವೈರಸ್ಸನ್ನು ಪಳಗಿಸಬೇಕು. ಹಿಡಿದರೂ ಸೀನುವುದಿಲ್ಲ. ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಪಕ್ಕದ ಇಲಿಗೆ ಅಂಟುವುದಂತೂ ಅಪರೂಪ. ಹರಡುವುದನ್ನೇ ನೋಡಬೇಕು ಅಂದಾಗ ಇದನ್ನಿಟ್ಟುಕೊಂಡು ಏನು ಮಾಡೋಣ?

ಫೆರೆಟ್ ನೋಡಲು ಮುಂಗುಸಿ ತರಹ, ಕುಲ ಮಾತ್ರ ನೀರುನಾಯಿಯದ್ದು. ಅದು ಫ್ಲೂ ಲೋಕಕ್ಕೆ ಬಂದಿದ್ದು 1933ರಲ್ಲಿ, ಲಂಡನ್‌ನಲ್ಲಿ. ವಿಲ್ಸನ್ ಸ್ಮಿತ್, ಆಂಡ್ರ್ಯೂಸ್, ಲೈಡ್ಲಾ ಅನ್ನುವ ಮೂವರು ಫ್ಲೂ ಬಂದವರ ಗಂಟಲು ಮುಕ್ಕಳಿಸಿದ ನೀರನ್ನು ಸೋಸಿ ಫೆರೆಟ್‌ಗಳ ಮೂಗಿಗೆ ಹಾಕಿದರು. ಎರಡು-ಮೂರು ದಿನದಲ್ಲಿ ಜ್ವರ, ಸೀನು, ಸುರಿಯುವ ಮೂಗು, ಥೇಟ್ ನಮ್ಮ ಹಾಗೆ. ಅಲ್ಲಿ ನಾಯಿಗಳ ಡಿಸ್ಟೆಂಪರ್ ರೋಗದ ಅಧ್ಯಯನಕ್ಕೆ ಫೆರೆಟ್ ಮೊದಲೇ ಬಳಕೆಯಲ್ಲಿತ್ತು, ಇವರಿಗೆ ಅದೇ ಕೈಗೆ ಸಿಕ್ಕಿತು. 1936ರಲ್ಲಿ ಒಂದು ಫೆರೆಟ್ ಸ್ಟುವರ್ಟ್-ಹ್ಯಾರಿಸ್ ಅನ್ನುವ ವಿಜ್ಞಾನಿಯ ಮುಖಕ್ಕೇ ಸೀನಿ ಅವರಿಗೂ ಫ್ಲೂ ಅಂಟಿಸಿತು.

ಯಾಕೆ ಇಷ್ಟು ಹೋಲಿಕೆ? ಫ್ಲೂ ವೈರಸ್ ನಮ್ಮ ಜೀವಕೋಶದ ಮೇಲಿರುವ ಒಂದು ಬಗೆಯ ಸಕ್ಕರೆಯ ಕೊಂಡಿಯನ್ನು ಹಿಡಿದುಕೊಂಡು ಒಳಗೆ ನುಗ್ಗುತ್ತದೆ. ಹಕ್ಕಿಗಳ ಕೊಂಡಿ ಬೇರೆ, ನಮ್ಮ ಮೂಗು-ಗಂಟಲಿನದು ಬೇರೆ. ಫೆರೆಟ್ ಮೂಗಿನಲ್ಲಿ ಹೆಚ್ಚಾಗಿ ಇರುವುದು ನಮ್ಮದೇ ಬಗೆ.

ಪ್ರಯೋಗ ಸರಳ. ಎರಡು ಪಂಜರ ಪಕ್ಕಪಕ್ಕ, ನಡುವೆ ತೂತಿರುವ ಗೋಡೆ. ಗಾಳಿ ದಾಟುತ್ತದೆ, ಮೂತಿ ತಾಕುವುದಿಲ್ಲ. ಒಂದಕ್ಕೆ ವೈರಸ್ ಹಾಕಿ, ಮಾರನೇ ದಿನ ಪಕ್ಕದಲ್ಲಿ ಆರೋಗ್ಯವಾಗಿರುವುದನ್ನು ಬಿಡುತ್ತಾರೆ. ಆಮೇಲೆ ದಿನ ಬಿಟ್ಟು ದಿನ ಎರಡರ ಮೂಗನ್ನೂ ತೊಳೆದು ಆ ನೀರಿನಲ್ಲಿ ವೈರಸ್ ಹುಡುಕುವುದು. ಆರೋಗ್ಯವಾಗಿರುವುದನ್ನೇ ಮೊದಲು ಮುಟ್ಟಬೇಕು, ಕಾಯಿಲೆಯದ್ದು ಆಮೇಲೆ, ನಡುವೆ ಗ್ಲೌಸ್ ಬದಲಾಯಿಸಬೇಕು. ಇಲ್ಲದಿದ್ದರೆ ವೈರಸ್ ಹರಡಿದ್ದು ಗಾಳಿಯೋ ನೀವೋ ಅಂತ ಯಾರಿಗೆ ಗೊತ್ತಾಗುತ್ತದೆ?

ಹೀಗೇ ನೋಡುವಾಗ 2009ರ ಎಚ್1ಎನ್1 ವೈರಸ್ ಒಂದು ಗುಟ್ಟು ಬಿಟ್ಟುಕೊಟ್ಟಿತು. ಫೆರೆಟ್‌ಗೆ ಜ್ವರ ಕಾಣಿಸುವ ಮೊದಲೇ ಅದು ಪಕ್ಕದ ಪ್ರಾಣಿಗೆ ದಾಟಿಬಿಟ್ಟಿತ್ತು. ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಯುವುದರ ಮೇಲೆ ನನಗೆ ನಂಬಿಕೆ ಕಮ್ಮಿಯಾಗಿದ್ದು ಅದನ್ನು ಓದಿದ ಮೇಲೆ.

ಪ್ರಶ್ನೆ: ಆಫೀಸಿನಲ್ಲಿ ಎಸಿ 18ಕ್ಕೆ ಇಟ್ಟಿರುತ್ತಾರೆ. ಒಬ್ಬರಿಗೆ ಫ್ಲೂ ಬಂದರೆ ನಮ್ಮ ಸಾಲೇ ಮಲಗುತ್ತದೆ. ಚಳಿಯಲ್ಲಿ ಫ್ಲೂ ಜಾಸ್ತಿ ಹರಡುತ್ತದೆ ಅಂತ ಪ್ರಾಣಿಗಳಲ್ಲಿ ತೋರಿಸಿದ್ದಾರಂತೆ, ಎಸಿ ಆರಿಸಿದರೆ ಸಾಕಾ?
– ಇನ್ನೊಬ್ಬರು, ಮಾರತ್ತಹಳ್ಳಿ

ಉತ್ತರ: ತೋರಿಸಿದ್ದು ಗಿನಿಪಿಗ್‌ಗಳಲ್ಲಿ, 2007ರಲ್ಲಿ, ನ್ಯೂಯಾರ್ಕ್‌ನಲ್ಲಿ. 5 ಡಿಗ್ರಿಯಲ್ಲಿ ಗಾಳಿಯ ಮೂಲಕ ಚೆನ್ನಾಗಿ ಹರಡಿತು, 30 ಡಿಗ್ರಿಯಲ್ಲಿ ಹರಡಲೇ ಇಲ್ಲ. ಆದರೆ ಮುಂದಿನ ವರ್ಷ ಅದೇ ತಂಡ ಕಾಯಿಲೆಯದ್ದು, ಆರೋಗ್ಯವಾಗಿರುವುದು ಎರಡನ್ನೂ ಒಂದೇ ಪಂಜರದಲ್ಲಿ ಬಿಟ್ಟು ನೋಡಿದಾಗ 30 ಡಿಗ್ರಿಯಲ್ಲೂ ಅಂಟಿತು! ಅದೂ ಅಲ್ಲದೆ ತೇವ ಜಾಸ್ತಿಯಿದ್ದರೆ ಹರಡುವುದು ಕಮ್ಮಿ ಅಂತಲೂ ಕಂಡಿತ್ತು. ನಮ್ಮಲ್ಲಿ ನೋಡಿದರೆ ಮಳೆಗಾಲದಲ್ಲೇ ಫ್ಲೂ ಜಾಸ್ತಿ. ಮಳೆ ಬಂತು ಅಂತ ಬಿಎಂಟಿಸಿ ಬಸ್ಸಿನ ಕಿಟಕಿಯನ್ನೆಲ್ಲ ಮುಚ್ಚಿಕೊಂಡು ಸಿಲ್ಕ್ ಬೋರ್ಡ್ ಹತ್ತಿರ ಒಂದು ಗಂಟೆ ನಿಂತಿರುತ್ತೇವಲ್ಲ, ಆ ಲೆಕ್ಕ ಪಂಜರದಲ್ಲಿ ಎಲ್ಲಿಂದ ಬರಬೇಕು?

ಇನ್ನೊಂದು ತಮಾಷೆ ಕೇಳಿ. 2020ರ ಒಂದು ಪ್ರಯೋಗದಲ್ಲಿ, ಆಗಲೇ ಫ್ಲೂ ಬಂದು ವಾಸಿಯಾದ ಗಿನಿಪಿಗ್‌ಗಳ ರೋಮಕ್ಕೆ ಬ್ರಷ್‌ನಲ್ಲಿ ವೈರಸ್ ಬಳಿದರು. ಅವು ತಮಗೆ ಮತ್ತೆ ಕಾಯಿಲೆ ಬರದೆಯೇ ಪಕ್ಕದ ಪಂಜರದ ಕೆಲವಕ್ಕೆ ಅಂಟಿಸಿದವು. ಅವು ಓಡಾಡಿದಾಗ ಎದ್ದ ಧೂಳಿನಲ್ಲಿ ವೈರಸ್ ಹಾರಿತ್ತು. ಗಿನಿಪಿಗ್‌ನಿಂದ ಬಂದ ಅಂಕಿಯನ್ನು ಹಾಗೇ ಎತ್ತಿ ನಮ್ಮ ಆಫೀಸಿಗೆ ಹಾಕಲಾಗದು ಅನ್ನುವುದಕ್ಕೆ ಇದೂ ಒಂದು ಕಾರಣ. ನೀವು ಎಸಿ ಜೊತೆ ಸುಮ್ನೆ ಜಗಳವಾಡುವ ಬದಲು ಕಿಟಕಿ ತೆಗೆಯಲು ಆಗುತ್ತದೋ ನೋಡಿ. ಮೈಗೆ ಹುಷಾರಿಲ್ಲ ಅಂತ ಅನುಮಾನ ಬಂದ ದಿನವೇ ವರ್ಕ್ ಫ್ರಂ ಹೋಮ್ ಕೊಡಿ ಅಂತ ಮ್ಯಾನೇಜರ್‌ನ ಕೇಳಿ. ಜ್ವರ ಬರಲಿ ಆಮೇಲೆ ನೋಡೋಣ ಅಂದರೆ, ಮೇಲಿನ ಫೆರೆಟ್ ಕಥೆ ಹೇಳಿ.

ಪ್ರಶ್ನೆ: ಮನೆಯಲ್ಲಿ ಮಕ್ಕಳು ಗಿನಿಪಿಗ್ ಸಾಕಿದ್ದಾರೆ. ನನ್ನ ಫ್ಲೂ ಅದಕ್ಕೆ ಅಂಟುತ್ತದಾ?
– ಗೃಹಿಣಿಯೊಬ್ಬರು, ಯಲಹಂಕ

ಉತ್ತರ: ಅಂಟಬಹುದು ಮೇಡಂ. ಮನುಷ್ಯರ ಫ್ಲೂ ವೈರಸ್ ಪಳಗಿಸದೆಯೇ ಹಿಡಿಯುತ್ತದೆ ಅಂತಲೇ ಲ್ಯಾಬಿನವರು ಅದನ್ನು ಆರಿಸಿಕೊಂಡಿದ್ದು. ಅದು ಸಪ್ಪಗಾಗುವುದೂ ಕಮ್ಮಿ, ನಿಮಗೆ ಗೊತ್ತೇ ಆಗದಿರಬಹುದು. ವಾಸಿಯಾಗುವ ತನಕ ಸೊಪ್ಪು ಹಾಕುವ ಕೆಲಸ ಮನೆಯಲ್ಲಿ ಬೇರೆಯವರು ಮಾಡಲಿ.