9,000 ಸೈಟೇಶನ್ ಇರುವ ಗೈಡ್ ಹತ್ತಿರ ಹೋಗಲಾ, 900 ಇರುವವರ ಹತ್ತಿರಾನಾ?

ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ಪುಣೆಯಲ್ಲಿ ಮಾಲಿಕ್ಯುಲರ್ ಬಯಾಲಜಿ ಪಿಎಚ್‌ಡಿಗೆ ಗೈಡ್ ಹುಡುಕುತ್ತಿದ್ದೀರಿ. ಗೂಗಲ್ ಸ್ಕಾಲರ್‌ನಲ್ಲಿ ಒಬ್ಬರಿಗೆ 9,000 ಸೈಟೇಶನ್ (ಬೇರೆಯವರ ಪೇಪರ್‌ಗಳಲ್ಲಿ ಅವರ ಪೇಪರ್‌ಗಳ ಉಲ್ಲೇಖ), ಇನ್ನೊಬ್ಬರಿಗೆ 900. ದೊಡ್ಡ ನಂಬರಿನವರ ಹತ್ತಿರವೇ ಹೋಗಬೇಕಾ ಅಂತ ನಿಮ್ಮ ಪ್ರಶ್ನೆ.

ಹಾಗೇನಿಲ್ಲ. ನಾನು ಇಲ್ಲೇ ಪಾಷಾಣ್ ಕಡೆ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಡೆಯ ಹುಡುಗರು ಯಾರೇ ಬಂದರೂ ಇದನ್ನೇ ಕೇಳುತ್ತಾರೆ. ಒಟ್ಟು ಸೈಟೇಶನ್ ನೋಡಬೇಡಿ ಅನ್ನಲ್ಲ. ಅದು ಎಲ್ಲಿಂದ ಬಂತು ಅಂತ ನೋಡಿ.

ಮೊದಲು, ಆ ಪೇಪರ್‌ಗಳೆಲ್ಲ ನಿಜಕ್ಕೂ ಅವರವೇನಾ? ಸ್ಕಾಲರ್ ಎಷ್ಟೋ ಸಲ ಹೆಸರು ನೋಡಿ ಪೇಪರ್ ಜೋಡಿಸಿಬಿಡುತ್ತದೆ. ಪುಣೆಯಲ್ಲಿ ಕುಲಕರ್ಣಿ, ಜೋಶಿ, ಪಾಟೀಲರಿಗೇನು ಬರವೇ? ಜೀನ್ ಮೇಲೆ ಕೆಲಸ ಮಾಡುವ ಕುಲಕರ್ಣಿಯವರ ಪ್ರೊಫೈಲಿನಲ್ಲಿ ಪಾಲಿಮರ್ ಕುಲಕರ್ಣಿಯವರ ಪೇಪರ್ ಬಂದು ಕೂತಿರುತ್ತದೆ. ಮೋಸ ಅಂತಲ್ಲ, ಯಾರೂ ಗಮನಿಸಿ ತೆಗೆದಿರುವುದಿಲ್ಲ ಅಷ್ಟೇ.

ಆಮೇಲೆ ಲೇಖಕರ ಹೆಸರಿನ ಸಾಲು. ನಮ್ಮ ಫೀಲ್ಡಿನಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಬೆಂಚಿನಲ್ಲಿ ಜಾಸ್ತಿ ದುಡಿದ ವಿದ್ಯಾರ್ಥಿಯದು, ಕೊನೆಯದು ಲ್ಯಾಬಿನ ಮುಖ್ಯಸ್ಥರದು. ನಡುವೆ ಇರುವವರು ಸ್ಯಾಂಪಲ್ ಕೊಟ್ಟವರು, ಪ್ಲಾಸ್ಮಿಡ್ (ಪ್ರಯೋಗಕ್ಕೆ ಬೇಕಾದ ಡಿಎನ್‌ಎ ಉಂಗುರ) ಕೊಟ್ಟವರು, ಒಂದು ಫಿಗರ್‌ಗೆ ಕೈಜೋಡಿಸಿದವರು. ನೂರಾರು ಜನ ಸೇರಿ ಬರೆದ ಜೀನೋಮ್ ಪೇಪರಿನ ಮಧ್ಯದಲ್ಲೆಲ್ಲೋ ಹೆಸರಿದ್ದರೂ ಅದರ ಸೈಟೇಶನ್ ಪೂರ್ತಿ ಅವರ ಖಾತೆಗೇ. ಆ 9,000ದಲ್ಲಿ 6,000 ಇಂಥ ಒಂದೇ ಪೇಪರಿನದಾಗಿದ್ದರೂ ನನಗೆ ಆಶ್ಚರ್ಯವಾಗುವುದಿಲ್ಲ. ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ, ಯುರೋಪಿನ ಸರ್ನ್ ಪ್ರಯೋಗಾಲಯದ ಸಿಎಂಎಸ್ ಅನ್ನುವ ಕಣಭೌತ ಪ್ರಯೋಗದಲ್ಲಿರುವ ಭೌತವಿಜ್ಞಾನಿಗಳಿದ್ದಾರೆ. ಅವರ ಪೇಪರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಸರು. ಅದೇ ಕ್ಯಾಂಪಸ್ಸಿನ ಬಯಾಲಜಿಯವರನ್ನು ಅವರ ಜೊತೆ ಇಟ್ಟು ತೂಗಲು ಹೋದರೆ ನಗೆಪಾಟಲು.

ವಿಧಾನ ಹೇಳಿಕೊಡುವ ಪೇಪರ್‌ಗಳ ಕಥೆಯೇ ಬೇರೆ. ಎಂಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಲೌರಿ ಪರೀಕ್ಷೆ ಮಾಡಿದ್ದೀರಲ್ವಾ? ಫೋಲಿನ್ ದ್ರಾವಣ ಹಾಕಿ, ಕತ್ತಲಲ್ಲಿ ಅರ್ಧ ಗಂಟೆ ಇಟ್ಟು, ನೀಲಿ ಬಣ್ಣ ಬಂದ ಮೇಲೆ ರೀಡಿಂಗ್ ತೆಗೆದುಕೊಳ್ಳುವುದು. ಪ್ರೋಟೀನ್ ಅಳೆಯುವ ಆ 1951ರ ಪೇಪರಿಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಶನ್. ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಬಗ್ಗೆ ಬರೆದ 1953ರ ಪೇಪರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಡಬಲ್ ಹೆಲಿಕ್ಸ್ ಪಠ್ಯಪುಸ್ತಕ ಸೇರಿ ಎಷ್ಟು ಕಾಲವಾಯ್ತು, ಅದಕ್ಕೆ ಈಗ ಯಾರು ಪ್ರತಿಸಲ ಮೂಲ ಪೇಪರ್ ತೋರಿಸುತ್ತಾರೆ?

ಎಚ್-ಇಂಡೆಕ್ಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2005ರಲ್ಲಿ ಹಿರ್ಷ್ ಅನ್ನುವ ಭೌತವಿಜ್ಞಾನಿ ಕೊಟ್ಟ ಲೆಕ್ಕ ಅದು. 20 ಅಂದರೆ ತಲಾ ಕನಿಷ್ಠ 20 ಸೈಟೇಶನ್ ಇರುವ 20 ಪೇಪರ್ ಇವೆ ಅಂತ. ಹೊಸ ಕೆಲಸ ಮಾಡದೆ ಸುಮ್ನೆ ಕೂತರೂ ಹಳೆಯ ಪೇಪರ್‌ಗಳಿಂದ ಅದು ಏರುತ್ತಿರುತ್ತದೆ. ಈಚೆಗೆ ಲ್ಯಾಬ್ ತೆರೆದವರದು ಸಾಮಾನ್ಯವಾಗಿ ಚಿಕ್ಕದಾಗಿಯೇ ಇರುತ್ತದೆ.

ಈಗ ನಿಮಗೆ ನಿಜವಾಗಿ ಬೇಕಾದ ವಿಷಯಕ್ಕೆ ಬರೋಣ. ಪೇಪರ್‌ಗಳನ್ನು ಸೈಟೇಶನ್ ಬಿಟ್ಟು ವರ್ಷದ ಪ್ರಕಾರ ಜೋಡಿಸಿ. ಕಳೆದ ಐದಾರು ವರ್ಷದಲ್ಲಿ ಇವರ ಹೆಸರು ಕೊನೆಗೆ ಬಂದಿರುವವನ್ನು ಮಾತ್ರ ತೆಗೆದುಕೊಳ್ಳಿ. ಮೊದಲ ಹೆಸರು ಯಾರದು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಂತರ ದೇಶದ ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ, ಇಲ್ಲವೇ ಆ ಸಂಸ್ಥೆಯದೇ ರೆಪಾಸಿಟರಿ ಇದ್ದರೆ ಅದರಲ್ಲಿ, ಅವರ ಕೈಕೆಳಗೆ ಥೀಸಿಸ್ ಕೊಟ್ಟವರ ಹೆಸರು ಹುಡುಕಿ. ಎರಡೂ ಪಟ್ಟಿ ತಾಳೆ ಹಾಕಿ. ಥೀಸಿಸ್ ಕೊಟ್ಟ ಬಹುತೇಕರಿಗೆ ಮೊದಲ ಹೆಸರಿನ ಒಂದು ಪೇಪರ್ ಇದ್ದರೆ, ಅಲ್ಲಿ ವಿದ್ಯಾರ್ಥಿಗಳ ಕೆಲಸ ದಡ ಸೇರುತ್ತಿದೆ. ಇಬ್ಬರು ಪೋಸ್ಟ್‌ಡಾಕ್‌ಗಳ (ಆಗಲೇ ಪಿಎಚ್‌ಡಿ ಮುಗಿಸಿದ ಸಂಶೋಧಕರ) ಹೆಸರೇ ಮತ್ತೆ ಮತ್ತೆ ಬಂದು, ಪಿಎಚ್‌ಡಿ ಹುಡುಗರು ಎಲ್ಲ ಕಡೆ ನಡುವೆಯೇ ಇದ್ದರೆ ನಾನಾದರೆ ಆ ಲ್ಯಾಬಿಗೆ ಹೋಗುವುದಿಲ್ಲ. 9,000 ಇರಲಿ, 90,000 ಇರಲಿ.

ಪ್ರಕಟವಾದ ಪೇಪರ್‌ಗಳ ಮೇಲೆ ಕಾಮೆಂಟ್ ಹಾಕುವ ಪಬ್‌ಪಿಯರ್ ಜಾಲತಾಣದಲ್ಲೂ ಒಮ್ಮೆ ಹೆಸರು ಹಾಕಿ ನೋಡಿ. ನಮ್ಮಲ್ಲಿ ದೂರು ಬರುವುದು ಹೆಚ್ಚಾಗಿ ವೆಸ್ಟರ್ನ್ ಬ್ಲಾಟ್ ಮೇಲೆ, ಅಂದರೆ ಪ್ರೋಟೀನನ್ನು ಪಟ್ಟಿಯಾಗಿ (ಬ್ಯಾಂಡ್) ತೋರಿಸುವ ಚಿತ್ರದ ಮೇಲೆ. ಒಂದೇ ಬ್ಯಾಂಡನ್ನು ತಿರುಗಿಸಿ ಬೇರೆ ಪ್ರೋಟೀನ್ ಅಂತ ಹಾಕಿದ್ದಾರೆ, ಆ ಥರದ್ದು. ಒಂದು ಕಾಮೆಂಟ್ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಲೇಖಕರು ಮೂಲ ಚಿತ್ರ ತೋರಿಸಿ ಉತ್ತರ ಕೊಟ್ಟಿದ್ದಾರಾ ನೋಡಿ. ನಾಲ್ಕೈದು ಪೇಪರಿಗೆ ಇದೇ ದೂರು ಇದ್ದು ಯಾರೂ ಬಾಯಿ ಬಿಡದಿದ್ದರೆ ದೂರ ಇರಿ.

ಇಷ್ಟಾದ ಮೇಲೆ ಇಬ್ಬರ ಲ್ಯಾಬಿಗೂ ಹೋಗಿ ಬನ್ನಿ. ನಾಲ್ಕನೇ ವರ್ಷದ ಯಾರನ್ನಾದರೂ ಕ್ಯಾಂಟೀನಿಗೆ ಕರೆದು ಚಹಾ ಕುಡಿಸಿ, ಡ್ರಾಫ್ಟ್ ಕೊಟ್ಟರೆ ಸರ್ ಅಥವಾ ಮೇಡಂ ಎಷ್ಟು ದಿನಕ್ಕೆ ತಿದ್ದಿ ವಾಪಸ್ ಕೊಡುತ್ತಾರೆ ಅಂತ ಕೇಳಿ. ಮೊದಲ ವರ್ಷದವರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಗೈಡ್ ಇನ್ನೂ ದೇವರೇ.