ಪೈಲಟ್‌ಗಳಿಗೆ ಕೆಲಸ ಕಡಿಮೆ, ಟಿಕೆಟ್ ಪುಕ್ಕಟೆ ಅಂತಾರಲ್ಲ, ನಿಜಾನಾ?

ನಿಮ್ಮ ಪ್ರಶ್ನೆ ಇಷ್ಟು: ಭಾವಮೈದುನ ಪೈಲಟ್ ಆಗಿ ಸೇರಿದ್ದಾನೆ, ವಾರಕ್ಕೆ 35 ಗಂಟೆ ಅಷ್ಟೇ ಹಾರಾಟವಂತೆ, ಆದರೂ ಯಾವಾಗಲೂ ಸುಸ್ತು ಅಂತಾನೆ. ಅವನ ಹೆಸರಲ್ಲಿ ನಾವು ಫ್ರೀಯಾಗಿ ವಿಮಾನದಲ್ಲಿ ಓಡಾಡಬಹುದಾ?

ನಾನು ಪೈಲಟ್ ಅಲ್ಲ. ಬೆಂಗಳೂರಿನಲ್ಲಿ ಒಂದು ಏರ್‌ಲೈನ್‌ನ ಕ್ರೂ ರೋಸ್ಟರ್ ವಿಭಾಗದಲ್ಲಿ ಏಳು ವರ್ಷ ಕೂತವನು. ಯಾವ ಪೈಲಟ್ ಎಷ್ಟು ಹೊತ್ತಿಗೆ ಏಳಬೇಕು, ಯಾವ ಊರಲ್ಲಿ ಮಲಗಬೇಕು ಅಂತ ಬರೆಯುವ ಕೆಲಸ. ಅವರ ಮನೆಯವರ ಶಾಪ ನನಗೆ ಸಾಕಷ್ಟು ತಟ್ಟಿರಬೇಕು.

35 ಗಂಟೆ ಅನ್ನೋದು ಸರಿ. ವಿಮಾನಯಾನದ ಸರಕಾರಿ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮದಲ್ಲಿ ಹೆಚ್ಚೆಂದರೆ 7 ದಿನಕ್ಕೆ 35, 28 ದಿನಕ್ಕೆ 100, ವರ್ಷಕ್ಕೆ 1000 ಗಂಟೆ. ಆದರೆ ಇದು ಹಾರಾಟದ ಗಂಟೆ ಮಾತ್ರ. ವಿಮಾನ ನಿಂತ ಜಾಗದಿಂದ ಕದಲಿದಾಗ ಗಡಿಯಾರ ಶುರು, ಮತ್ತೆ ಬಂದು ನಿಂತಾಗ ಬಂದ್. ಡ್ಯೂಟಿ ಲೆಕ್ಕವೇ ಬೇರೆ. ಬೆಂಗಳೂರು–ಹುಬ್ಬಳ್ಳಿ–ಬೆಂಗಳೂರು–ಕೊಚ್ಚಿ–ಬೆಂಗಳೂರು ಅಂತ ಒಂದು ದಿನ ಇಟ್ಟುಕೊಳ್ಳಿ. ಹಾರಾಟ ನಾಲ್ಕೂವರೆ ಗಂಟೆ ಆಗಬಹುದು. ಒಂದು ಗಂಟೆ ಮೊದಲೇ ರಿಪೋರ್ಟಿಂಗ್, ಪ್ರತಿ ಊರಲ್ಲೂ ಮುಕ್ಕಾಲು ಗಂಟೆ ಕಾಯುವುದು, ಕೊನೆಯ ಕಾಗದಪತ್ರ ಎಲ್ಲ ಸೇರಿಸಿ, ಎಂಟು ಗಂಟೆ ದಾಟುತ್ತದೆ. ಇದರ ಮೇಲೆ ಯಲಹಂಕ ಕಡೆಯಿಂದ ಕ್ಯಾಬ್. ಜಯನಗರದಲ್ಲಿ ಮನೆ ಇದ್ದರಂತೂ ಕೇಳಲೇಬೇಡಿ.

ಆದರೆ ಗಂಟೆಗಿಂತ ಜಾಸ್ತಿ ಕಾಡುವುದು ಹೊತ್ತು. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ರಿಪೋರ್ಟಿಂಗ್ ಅಂದರೆ ಎರಡಕ್ಕೇ ಏಳಬೇಕು. ಗುರುವಾರ ರಾತ್ರಿ ಹನ್ನೊಂದಕ್ಕೆ ಕೆಲಸ ಶುರು. ಎರಡು ಡ್ಯೂಟಿಗಳ ನಡುವೆ ಕನಿಷ್ಠ 12 ಗಂಟೆ ವಿಶ್ರಾಂತಿ ಕೊಟ್ಟಿರುತ್ತೇವೆ, ಕಾಗದದ ಮೇಲೆ ಎಲ್ಲ ಸರಿ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗುವಾಗ ನಿದ್ದೆ ಬರಬೇಕಲ್ವಾ?

ನಾನು ಮಂಗಳೂರು ಕಡೆಯವನು, ಹಾಗಾಗಿ ಈ ವಿಷಯ ಸುಮ್ನೆ ಮಾತಲ್ಲ ನನಗೆ. 2010ರ ಮೇ 22ರ ಬೆಳಿಗ್ಗೆ ಆರು ಗಂಟೆ ದಾಟಿದ್ದಷ್ಟೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಹೋದರು. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ಗೊರಕೆ ಹೊಡೆಯುತ್ತಿದ್ದುದು ಕೇಳಿಸಿತ್ತು. ಒಂದೂವರೆ ಗಂಟೆಗೂ ಮೀರಿ ನಿದ್ದೆ ಮಾಡಿ, ಎದ್ದ ಮಂಪರಿನಲ್ಲೇ ಇಳಿಸಲು ಹೋಗಿದ್ದೂ ಒಂದು ಕಾರಣ ಅಂತ ತನಿಖಾ ವರದಿ ಹೇಳಿತು. ಬೆಳಗಿನ ಎರಡರಿಂದ ಆರರವರೆಗೆ ಮೈ ನಿದ್ದೆ ಕೇಳಿಯೇ ಕೇಳುತ್ತದೆ, ಎಷ್ಟೇ ಅನುಭವ ಇರಲಿ.

2024ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮ ಕೈ ಹಾಕಿದ್ದು ಇಲ್ಲಿಗೇ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ‘ರಾತ್ರಿ’ ಅನ್ನೋದು ಬೆಳಗಿನ ಐದರ ಬದಲು ಆರರವರೆಗೆ ಬೆಳೆಯಿತು. ರಾತ್ರಿಯನ್ನು ಮುಟ್ಟುವ ಡ್ಯೂಟಿಯಲ್ಲಿ ಲ್ಯಾಂಡಿಂಗ್‌ಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಮುಂದೂಡಿ ಮುಂದೂಡಿ, ಕೊನೆಗೆ ಮೊದಲ ಕಂತು 2025ರ ಜುಲೈ 1ಕ್ಕೆ, ರಾತ್ರಿಯ ನಿಯಮಗಳು ನವೆಂಬರ್ 1ಕ್ಕೆ ಜಾರಿಗೆ ಬಂದವು. ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಿದ್ದು ನಿಮಗೂ ನೆನಪಿರಬೇಕು. ಆಗ ಆ ಕಂಪನಿಗೆ ರಾತ್ರಿಯ ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟರು. ‘ಪೈಲಟ್‌ಗಳಿಗೆ ರೆಸ್ಟ್ ಕೊಟ್ಟು ನಮ್ಮನ್ನು ಏರ್‌ಪೋರ್ಟ್‌ನಲ್ಲಿ ಮಲಗಿಸಿದರು’ ಅಂತ ಜನ ಬೈದರು. ನನ್ನ ಕೇಳಿದರೆ ತಪ್ಪು ನಿಯಮದ್ದಲ್ಲ. ಸುಮಾರು ಎರಡು ವರ್ಷ ಮೊದಲೇ ಗೊತ್ತಿದ್ದ ನಿಯಮ ಅದು. ಬೇಕಾದಷ್ಟು ಪೈಲಟ್‌ಗಳನ್ನು ಸೇರಿಸಿಕೊಂಡು ತಯಾರಾಗಬೇಕಿತ್ತು.

ಇನ್ನು ಟಿಕೆಟ್ ವಿಷಯ. ವಿಮಾನದಲ್ಲಿ ಯೂನಿಫಾರ್ಮ್ ಹಾಕಿಕೊಂಡೇ ಕಿಟಕಿಗೆ ತಲೆ ಕೊಟ್ಟು ಮಲಗಿದ ಪೈಲಟ್‌ನನ್ನು ನೋಡಿರುತ್ತೀರಿ. ಅದು ಸವಲತ್ತಲ್ಲ, ಡ್ಯೂಟಿ. ಇನ್ನೊಂದು ಊರಿಂದ ವಿಮಾನ ಹೊರಡಿಸಲು ಅವನನ್ನು ಕಳಿಸುತ್ತಿರುತ್ತೇವೆ. ಆ ಹೊತ್ತೂ ಡ್ಯೂಟಿ ಲೆಕ್ಕಕ್ಕೆ ಸೇರುತ್ತದೆ.

ಸ್ಟಾಫ್ ಟಿಕೆಟ್ ಬೇರೆ. ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿಗೆ ಸಿಗುತ್ತದೆ. ಅಕ್ಕ-ಭಾವನಿಗೆ ಸಿಗುತ್ತದೋ ಇಲ್ಲವೋ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಅವನನ್ನೇ ಕೇಳಿ. ಪೂರ್ತಿ ಪುಕ್ಕಟೆಯೂ ಅಲ್ಲ, ಟ್ಯಾಕ್ಸ್ ಕೈಯಿಂದ ಕಟ್ಟುವುದು ಇದ್ದೇ ಇರುತ್ತದೆ. ಬೇರೆ ಏರ್‌ಲೈನ್‌ಗಳಲ್ಲಿ ಹೋಗಲು ಜೆಡ್ ಅನ್ನುವ ರಿಯಾಯಿತಿ ದರ ಇದೆ, ಎರಡು ಕಂಪನಿಗಳ ನಡುವೆ ಒಪ್ಪಂದ ಇದ್ದರೆ. ಎಲ್ಲದಕ್ಕಿಂತ ಮುಖ್ಯ, ಇವುಗಳಲ್ಲಿ ಬಹುಪಾಲು ಸ್ಟ್ಯಾಂಡ್‌ಬೈ. ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ನಿಮ್ಮದು.

ಒಂದು ಸಲ ತಂಗಿಯ ಸೀಮಂತಕ್ಕೆ ಅಂತ ಮಂಗಳೂರಿಗೆ ಸ್ಟಾಫ್ ಟಿಕೆಟ್ ಮಾಡಿಸಿದೆ. ಬೆಳಿಗ್ಗೆ ನೋಡಿದಾಗ ಹದಿನಾಲ್ಕು ಸೀಟು ಖಾಲಿ. ಮಧ್ಯಾಹ್ನ ಕೌಂಟರಿಗೆ ಹೋದರೆ ಫುಲ್. ಸಂಜೆಯದೂ ಫುಲ್. ಕೊನೆಯ ವಿಮಾನದಲ್ಲಿ ಒಂದೇ ಒಂದು ಸೀಟು ಉಳಿಯಿತು. ಅದು ನನಗಿಂತ ಮೂರು ವರ್ಷ ಮೊದಲು ಸೇರಿದ ಇಂಜಿನಿಯರ್‌ಗೆ ಹೋಯಿತು. ಇಲ್ಲೂ ಸೀನಿಯಾರಿಟಿ! ಇಸ್ತ್ರಿ ಮಾಡಿದ ಶರ್ಟು, ಸ್ವೀಟ್ ಡಬ್ಬ ಹಿಡಿದುಕೊಂಡು ಏರ್‌ಪೋರ್ಟ್ ಬಸ್ಸಲ್ಲಿ ಮೆಜೆಸ್ಟಿಕ್‌ಗೆ ಬಂದೆ, ಅಲ್ಲಿಂದ ರಾತ್ರಿ ಬಸ್ಸು, ಕೊನೆಯ ಸಾಲಿನ ಸೀಟು. ಶಿರಾಡಿ ಘಾಟಿಯಲ್ಲಿ ಡಬ್ಬ ಎರಡು ಸಲ ಕೆಳಗೆ ಬಿತ್ತು. ಬೆಳಿಗ್ಗೆ ಬಾಗಿಲಲ್ಲಿ ಅಮ್ಮ, ‘ವಿಮಾನದಲ್ಲಿ ಬರ್ತೇನೆ ಅಂದಿದ್ದಿಯಲ್ಲ ಮಾರಾಯ?’

ಹಾಗಾಗಿ ಮದುವೆ, ಸೀಮಂತ, ಪರೀಕ್ಷೆಗೆಲ್ಲ ದುಡ್ಡು ಕೊಟ್ಟೇ ಟಿಕೆಟ್ ತಗೊಳ್ಳಿ. ಮಂಗಳವಾರವೋ ಬುಧವಾರವೋ ಹೋಗಿ, ಯಾವಾಗ ಬೇಕಾದರೂ ವಾಪಸ್ ಬರಬಹುದು ಅನ್ನುವಂಥ ಪ್ರವಾಸಕ್ಕೆ ಮಾತ್ರ ಸ್ಟಾಫ್ ಟಿಕೆಟ್. ಮತ್ತೆ, ಭಾವಮೈದುನನಿಗೆ ಮಧ್ಯಾಹ್ನದ ಹೊತ್ತು ಫೋನ್ ಮಾಡಬೇಡಿ. ಮಲಗಿರುತ್ತಾನೆ.